ಉಳ್ಳಾಗಡ್ಡಿ ಗಾಡಿಯ ದನಿಗೆ ಮಸಾಲೆ

ಗಜೇಂದ್ರಗಡದ ಖಾದರಸಾಬ ನದಾಫನ ಮುಖ ಗುರುತಿರುವವರು ಅವನ ಓಣಿಯ ಆಚೆಗೆ ಹೆಚ್ಚಿಲ್ಲ. ಆದರೆ ಅವನ ದನಿ ಕೇಳದವರು ಗಜೇಂದ್ರಗಡ, ರೋಣ, ನರಗುಂದ ಈ ಮೂರು ಊರುಗಳಲ್ಲಿ ಹುಡುಕಿದರೂ ಸಿಗಲಾರರು. ಬೆಳಗ್ಗೆ ಚಾಪೆಯವನ ಗಾಡಿಯ ಮೈಕಿನಲ್ಲಿ ಅವನೇ ಕೂಗುತ್ತಾನೆ. ಅದರ ಹಿಂದೆಯೇ ಹಳೇ ಕಬ್ಬಿಣದವನ ಗಾಡಿ ಬರುತ್ತದೆ, ಅದರಲ್ಲೂ ಅವನೇ. ಗ್ಯಾಸ್ ಒಲೆ ರಿಪೇರಿ, ಉದುರಿದ ಕೂದಲಿಗೆ ಸ್ಟೀಲ್ ಪಾತ್ರೆ, ಶಾಲೆಯ ಪ್ರವೇಶ ಪ್ರಾರಂಭ, ಎಲ್ಲವೂ ಅವನ ಗಂಟಲಿನಿಂದಲೇ ಹೊರಟು ಪೆನ್‌ಡ್ರೈವ್ ಸೇರಿ ಓಣಿ ಓಣಿ ತಿರುಗುತ್ತವೆ. ಇಷ್ಟಾದರೂ ಈ ದನಿ ಯಾರದು ಎಂದು ಒಬ್ಬನೇ ಒಬ್ಬ ಇದುವರೆಗೆ ಕೇಳಿರಲಿಲ್ಲ. ಕೇಳಿದರೆ ಏನು ಹೇಳಬೇಕು, ಎಷ್ಟು ವಿನಯದಿಂದ ತಲೆ ಬಾಗಿಸಬೇಕು ಎಂಬುದನ್ನು ಮಾತ್ರ ಖಾದರ ಬಹಳ ಹಿಂದೆಯೇ ಕನ್ನಡಿಯ ಮುಂದೆ ನಿಂತು ತಯಾರು ಮಾಡಿಟ್ಟುಕೊಂಡಿದ್ದ.

ಅವನ ಅಪ್ಪ ಅರಳೆ ಹಿಂಜಿ ಗಾದಿ ಹಾಕುತ್ತಿದ್ದವರು. ಹೆಗಲ ಮೇಲೆ ಬಿಲ್ಲು ಹೊತ್ತು ಜಕ್ಕಲಿ, ಇಟಗಿ ಎಂದು ತಿರುಗುವಾಗ ಅವರು ಬಾಯಿ ತೆರೆದು ಕೂಗುವ ಅಗತ್ಯವೇ ಇರಲಿಲ್ಲ. ಬಿಲ್ಲಿನ ನಾರಿಯನ್ನು ಒಮ್ಮೆ ಮೀಟಿದರೆ ಸಾಕು, ಹೆಂಗಸರು ಹಳೇ ಗಾದಿ ಹೊತ್ತು ಹೊರಗೆ ಬರುತ್ತಿದ್ದರು. ಸ್ಪಂಜಿನ ಗಾದಿಗಳು ಬಂದವು, ಬಿಲ್ಲು ಮೂಲೆ ಸೇರಿತು. ಮಗ ಮೈಕು ಹಿಡಿದ. ಮಾರಾಟವಾಗದೆ ಉಳಿದ ಅಪ್ಪನ ಗಾದಿಗಳನ್ನೆಲ್ಲ ಮನೆಯ ಹೊರಕೋಣೆಯ ಗೋಡೆಗಳಿಗೆ ಮೊಳೆ ಹೊಡೆದು ತೂಗುಹಾಕಿ, ಅದಕ್ಕೆ ಸ್ಟುಡಿಯೋ ಎಂದು ಹೆಸರಿಟ್ಟ. ಹೊರಗಿನ ಸದ್ದು ಒಳಗೆ ಬಾರದಂತೆ ಮೂರು ಕಡೆ ಗಾದಿ ಇತ್ತು. ನಾಲ್ಕನೆಯ ಕಡೆ ಅಡುಗೆಮನೆ. ಅಲ್ಲಿ ಒಂದು ಪರದೆ ಮಾತ್ರ.

ಅವನ ಬಾಳಿನ ಕಳಂಕ ಬಂದದ್ದು ಆ ಪರದೆಯ ದಾರಿಯಲ್ಲೇ.

ಸವಡಿಯ ಭೀಮೇಶ ಟಂಟಂ ಎಂಬ ಮೂರು ಗಾಲಿಯ ಗಾಡಿಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಹೇರಿಕೊಂಡು ಮೂರೂ ಊರು ತಿರುಗಿ ಮಾರುವವನು. ವರ್ಷಗಳ ಹಿಂದೆ ಅವನಿಗಾಗಿ ಖಾದರ ಒಂದು ಕೂಗು ಮುದ್ರಿಸಿದ. "ಸವಡಿ ಉಳ್ಳಾಗಡ್ಡೀ... ಒಣಗಿದ ಉಳ್ಳಾಗಡ್ಡೀ..." ಎಂದು ಎಳೆದು, ಕೇಳುವವರ ಎದೆ ಒಂದು ಕ್ಷಣ ನಿಲ್ಲಲಿ ಎಂಬ ಆಸೆಯಿಂದ ಅಲ್ಲೊಂದು ವಿರಾಮ ಕೊಟ್ಟು, ಆಮೇಲೆ "ಜವಾರಿ ಬಳ್ಳೊಳ್ಳೀ" ಎಂದು ಮುಗಿಸಿದ. ಆ ಕಲಾತ್ಮಕ ವಿರಾಮದೊಳಗೆ ಅಡುಗೆಮನೆಯಿಂದ ಹೆಂಡತಿ ಮುಬೀನಾ ಕೂಗಿದ್ದು ಅವನ ಕಿವಿಗೆ ಬೀಳಲೇ ಇಲ್ಲ. ತನ್ನ ದನಿ ಕೇಳುತ್ತ ಕುಳಿತವನಿಗೆ ಬೇರೆಯವರದು ಕೇಳುವುದು ಕಷ್ಟ. ಭೀಮೇಶನಿಗೆ ಅವಸರ, ಪೆನ್‌ಡ್ರೈವ್ ಇಸಿದುಕೊಂಡು ಹೋದ. ಸಂಜೆ ಅದೇ ಗಾಡಿ ಓಣಿಗೆ ಬಂದಾಗ ಖಾದರನಿಗೂ ಅದು ಕೇಳಿಸಿತು.

"ಸವಡಿ ಉಳ್ಳಾಗಡ್ಡೀ... ಒಣಗಿದ ಉಳ್ಳಾಗಡ್ಡೀ... ರೀ, ಚಾ ಆರತೈತ್ರೀ!... ಜವಾರಿ ಬಳ್ಳೊಳ್ಳೀ!"

ಖಾದರ ಓಡಿಹೋಗಿ ಗಾಡಿ ನಿಲ್ಲಿಸಿದ, ನಾಳೆ ಬಾ, ಬೇರೆ ಮಾಡಿಕೊಡುತ್ತೇನೆ ಎಂದ. "ಇರ್ಲಿ ಬಿಡೋ ಖಾದರಣ್ಣಾ, ಮಂದಿ ಉಳ್ಳಾಗಡ್ಡಿ ಕೊಳ್ಳಾಕ ಬರ್ತಾರ, ಪದಾ ಕೇಳಾಕ ಬರಂಗಿಲ್ಲ" ಎಂದು ಭೀಮೇಶ ಗಾಡಿ ಬಿಟ್ಟ. ಆ ನಾಳೆ ಬರಲೇ ಇಲ್ಲ. ಚಾ ಮಾತ್ರ ಅಂದಿನಿಂದ ಮೂರು ಊರುಗಳಲ್ಲಿ ಆರುತ್ತಲೇ ಇತ್ತು. ಗಾಡಿ ಕಂಡರೆ ಹುಡುಗರು ಮೊದಲೇ "ರೀ, ಚಾ ಆರತೈತ್ರೀ" ಎಂದು ಕಿರುಚುವರು. ನರಗುಂದದ ಒಂದು ಮದುವೆಯಲ್ಲಿ ಬೀಗರೊಬ್ಬರು ಖಾದರನನ್ನು ಹತ್ತು ಮಂದಿಯ ಎದುರು, "ಇವರು ಚಾ ಆರತೈತಿ ಅವರ ಮನಿಯವರು" ಎಂದು ಪರಿಚಯಿಸಿದರು. ಮೂರು ತಾಲೂಕಿಗೆ ಸಾಮಾನು ಮಾರಿದ ದನಿಯ ಒಡೆಯನಿಗೆ ಇದಕ್ಕಿಂತ ದೊಡ್ಡ ಬಿರುದು ಸಿಗಲಿಲ್ಲ. ಆ ರಾತ್ರಿಯ ಬಿರಿಯಾನಿ ಅವನ ಗಂಟಲಲ್ಲಿ ಇಳಿಯಲಿಲ್ಲ ಎಂದು ಅವನು ಹೇಳುತ್ತಾನೆ. ಎರಡು ಸಲ ಬಡಿಸಿಕೊಂಡಿದ್ದನ್ನು ಹೇಳುವುದಿಲ್ಲ.

ಹೀಗಿರುವಾಗ ನರಗುಂದದ ಬಟ್ಟೆ ಅಂಗಡಿಯವರೊಬ್ಬರು ಅವನು ಮಾಡಿಕೊಟ್ಟ ಜಾಹೀರಾತನ್ನು ಕೇಳಿ ಮೂಗು ಮುರಿದರು. "ದನಿ ಚಲೋ ಐತ್ರಿ. ಆದ್ರ ಎಫೆಕ್ಟ ಇಲ್ಲ. ರೋಣದ ಆ ಹುಡುಗ ಮಾಡ್ತಾನ ನೋಡ್ರಿ, ಸೀರಿ ಅಂದ್ರ ಗುಡುಗು ಬಡಿತೈತಿ."

ಸೀರೆಗೂ ಗುಡುಗಿಗೂ ಏನು ಸಂಬಂಧ ಎಂದು ಖಾದರ ಕೇಳಬಹುದಿತ್ತು. ಕೇಳಲಿಲ್ಲ. ಮನೆಗೆ ಬಂದು ಫೋನಿನಲ್ಲಿ ವಿಡಿಯೋ ಮೇಲೆ ವಿಡಿಯೋ ನೋಡಿದ. ದನಿಯನ್ನು ದಪ್ಪ ಮಾಡುವುದು, ತೆಳ್ಳಗೆ ಮಾಡುವುದು, ಗುಹೆಯೊಳಗೆ ನಿಲ್ಲಿಸುವುದು, ಹಿಂದಿನ ಸದ್ದನ್ನು ಒರೆಸಿಹಾಕುವುದು, ಹೀಗೆ ಕಂಪ್ಯೂಟರಿನೊಳಗೆ ದನಿಗೆ ಹಚ್ಚುವ ಪ್ಲಗಿನ್ ಎಂಬ ಸಣ್ಣ ಸಣ್ಣ ಸಲಕರಣೆಗಳು. ಅಂಥವು ನಲವತ್ತು ಸೇರಿಸಿ ಒಂದು ಗಂಟು ಕಟ್ಟಿ ಮಾರುತ್ತಿದ್ದರು. ಅರ್ಧ ಬೆಲೆ, ಈ ತಿಂಗಳು ಮಾತ್ರ. ಮೊದಲ ಎರಡು ವಾರ ಪುಕ್ಕಟೆ ಬಳಸಿ ನೋಡಬಹುದು, ಬೇಕೆಂದರೆ ಆಮೇಲೆ ದುಡ್ಡು. ಆ ಅರ್ಧ ಬೆಲೆಯೇ ಒಂದು ಸಣ್ಣ ಫ್ರಿಜ್ಜಿನ ಬೆಲೆ. ಮನೆಯಲ್ಲಿ ಫ್ರಿಜ್ಜಿಗೆಂದು ತೆಗೆದಿಟ್ಟ ದುಡ್ಡೂ ಇತ್ತು. ಸೈತಾನ ಎಷ್ಟು ಸಲೀಸಾಗಿ ಲೆಕ್ಕ ಹೊಂದಿಸುತ್ತಾನೆ ನೋಡಿ.

ಮುಬೀನಾ ಮನೆಯಲ್ಲೇ ಕುಳಿತು ಓಣಿಯವರ ಜಂಪರು ಹೊಲಿಯುವವಳು. ಫ್ರಿಜ್ಜಿನ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಅವಳ ಹೊಲಿಗೆಯದು. ಖಾದರ ನಲವತ್ತು ಹೆಸರುಗಳನ್ನೂ ಅವಳಿಗೆ ಓದಿ ಹೇಳಿದ. ಅವಳು ಸೂಜಿಗೆ ದಾರ ಪೋಣಿಸುತ್ತ ಕೇಳಿದಳು.

"ಅಂದ್ರ ಮಸಾಲಿ ಪುಡಿ ಅನ್ರಿ."

"ಮಸಾಲಿ ಅಲ್ಲ ಅದು. ಕಲಾವಿದರಿಗೆ ಬೇಕಾಗೂ ಸಾಮಾನು."

"ಯಾರ್ರೀ ಕಲಾವಿದರು?" ಎಂದು ಅವಳು ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಳು. ಆಮೇಲೆ ಅವನ ಮುಖ ನೋಡಿ, "ಮೊದಲ ಪುಕ್ಕಟೆದ್ದು ರುಚಿ ನೋಡ್ರಿ. ಬೇಕಂದ್ರ ತಗೋರಿ. ಈ ಬ್ಯಾಸಗಿನೂ ಮಣ್ಣಿನ ಬಿಂದಿಗಿ ನೀರಿನಾಗ ಹೋಗತೈತಿ" ಎಂದಳು. ಬೇಡವೆಂದಿದ್ದರೆ ಜಗಳವಾಡಿಯಾದರೂ ಕೊಳ್ಳಬಹುದಿತ್ತು. ತಗೋರಿ ಎಂದಿದ್ದರಿಂದ ಈಗ ವಿಚಾರ ಮಾಡುವ ಭಾರವೆಲ್ಲ ಅವನ ತಲೆಗೇ ಬಿತ್ತು.

ಖಾದರ ರುಚಿ ನೋಡತೊಡಗಿದ. ಮೊದಲು "ಹಳೇ ಕಬ್ಬಿಣ, ಹಳೇ ಪಾತ್ರಿ" ಎಂಬ ಕೂಗನ್ನು ಸಾವಿರ ಜನ ಹಿಡಿಯುವ ಕಲ್ಲಿನ ಸಭಾಂಗಣದಲ್ಲಿ ನಿಲ್ಲಿಸಿದ. ಕೇಳಿ ಅವನಿಗೇ ಭಯವಾಯಿತು. ಲೋಕ ಮುಗಿಯುವ ಕಯಾಮತ್ತಿನ ದಿನ ಮೇಲಿನಿಂದ ಕರೆ ಬಂದು, ಮನೆಯ ಹಳೇ ಪಾತ್ರೆಗಳ ವಿಚಾರಣೆ ನಡೆದ ಹಾಗಿತ್ತು. ಶಾಲೆಯ ಪ್ರವೇಶಕ್ಕೆ ದನಿ ದಪ್ಪ ಮಾಡಿದರೆ ಮಕ್ಕಳನ್ನು ಕೂಡಿಹಾಕುವ ಬೆದರಿಕೆಯಂತೆ ಕೇಳಿಸಿತು. ಒಂದು ಪ್ಲಗಿನ್ ದನಿಗೆ ಬೆಚ್ಚಗಿನ ಗುಣ ಕೊಡುತ್ತದೆ ಎಂದು ವಿಡಿಯೋದವನು ಹೇಳಿದ್ದ. ಖಾದರ ಅದರ ಗುಂಡಿಯನ್ನು ಅತ್ತ ಇತ್ತ ತಿರುಗಿಸುತ್ತ, ಕಣ್ಣು ಮುಚ್ಚಿ, "ಹಾಂ, ಈಗ ಬೆಚ್ಚಗ ಆತು... ಸ್ವಲ್ಪ ಹೆಚ್ಚಾತು" ಎಂದು ತಲೆದೂಗಿದ. ಅಷ್ಟೂ ಹೊತ್ತು ಪ್ಲಗಿನ್ನಿನ ಸ್ವಿಚ್ಚೇ ಹಾಕಿರಲಿಲ್ಲ ಎಂದು ಊಟದ ಹೊತ್ತಿಗೆ ಗೊತ್ತಾಯಿತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಅವನು ಸುತ್ತಲೂ ನೋಡಿದ.

ಆಗ ಅವನಿಗೆ ಉಳ್ಳಾಗಡ್ಡಿಯ ಕೂಗು ನೆನಪಾಯಿತು. ಸದ್ದು ಒರೆಸುವ ಪ್ಲಗಿನ್ ಹಚ್ಚಿದ. ಅದು ಒಂದು ಗಳಿಗೆ ಮಿಣಮಿಣ ಮಾಡಿ, ಇಷ್ಟು ನಿಮ್ಮ ದನಿ, ಇಷ್ಟು ಗದ್ದಲ ಎಂದು ಎರಡು ಬಣ್ಣದಲ್ಲಿ ಬೇರೆ ಮಾಡಿ ತೋರಿಸಿತು. ಮುಬೀನಾ ಗದ್ದಲದ ಕಡೆ ಇದ್ದಳು. ಮದುವೆಯಾದಂದಿನಿಂದ ಅವನು ಅನ್ನಲು ಅಂಜಿದ್ದನ್ನು ಈ ಯಂತ್ರ ಗುರುತು ಪರಿಚಯವಿಲ್ಲದೆ ಹೇಳಿಬಿಟ್ಟಿತ್ತು! ಖಾದರ ಗುಂಡಿ ಒತ್ತಿದ. ವಿರಾಮ ಬೋಳಾಗಿ, ಬೆಳ್ಳಗಾಗಿ, ಅವನೊಬ್ಬನದೇ ಆಗಿ ಹೊರಬಂತು. ಸಂತೋಷಕ್ಕೆ ಅವನ ಕಣ್ಣು ತುಂಬಿದವು. ಅದೇ ಭರದಲ್ಲಿ ಹಳೆಯದನ್ನು ಅಳಿಸಿ ಅದರ ಜಾಗದಲ್ಲೇ ಹೊಸದನ್ನು ಉಳಿಸಿದ. ಹೊಲಸನ್ನು ಯಾರು ಜೋಪಾನ ಮಾಡುತ್ತಾರೆ? ಭೀಮೇಶನನ್ನು ಕರೆಸಿ ಅವನ ಪೆನ್‌ಡ್ರೈವ್ ಅಳಿಸಿ, ಹೊಸ ಕೂಗನ್ನು ಪುಕ್ಕಟೆ ತುಂಬಿಕೊಟ್ಟ. ಗಂಟು ಕೊಳ್ಳುವುದೇ ಸೈ ಎಂದು ನಿರ್ಧಾರವಾಯಿತು.

ಸಂಜೆ ಅದನ್ನು ಮುಬೀನಾಳಿಗೆ ಕೇಳಿಸಿದ. ಅವಳು ಹೊಲಿಗೆ ನಿಲ್ಲಿಸಿ ಕಿವಿ ಕೊಟ್ಟಳು.

"ನಾ ಎಲ್ಲಿ?"

"ತಗದೇನಿ. ಇನ್ನ ಮ್ಯಾಲ ಯಾರೂ ನಿನ್ನ ನೋಡಿ ನಗಂಗಿಲ್ಲ. ನಿನ್ನ ಸಲುವಾಗೇ ಇದನ್ನ ಕೊಳ್ಳಾಕತ್ತೇನಿ ಅಂತ ತಿಳಕೋ."

ಅವಳು ಏನೂ ಅನ್ನದೆ ಒಳಗೆ ಹೋದಳು. ಹೆಚ್ಚಿನ ಸಂತೋಷಕ್ಕೆ ಮಾತು ಹೊರಡಲಿಲ್ಲ ಎಂದು ನಮ್ಮ ಕಲಾವಿದ ತಿಳಿದುಕೊಂಡ.

ಆ ವಾರದ ಕೊನೆಗೆ ಭೀಮೇಶನ ಟಂಟಂ ಬಾಗಿಲಿಗೆ ಬಂದು ನಿಂತಿತು. ಚೀಲಗಳು ಹೋದ ಹಾಗೆಯೇ ತಿರುಗಿ ಬಂದಿದ್ದವು.

"ಏನ್ ಮಾಡಿದ್ಯೋ ಅಣ್ಣಾ ನೀನು? ಒಂದು ಹೆಣ್ಣಮಗಳೂ ಹೊರಗ ಬರವಲ್ಲಳು. ರೋಣದಾಗ ಸುಶೀಲವ್ವನ ಮನಿ ಮುಂದ ನಿಂತು ಹೊಡಕೊಂಡ್ರೂ ಬಾಗಲಾ ತಗೀಲಿಲ್ಲ. ತಿರುಗಿ ಬರೂವಾಗ ಕಟ್ಟಿಮ್ಯಾಲ ಕುಂತಿದ್ಲು, ನನ್ನ ಕಂಡು ಬೈದಳು, ಬೈದಳು! 'ಎಲ್ಲಿ ಸತ್ತಿದ್ಯೋ ಭೀಮ್ಯಾ, ಮನ್ಯಾಗ ಒಂದ ಉಳ್ಳಾಗಡ್ಡಿ ಇಲ್ಲ' ಅಂತ. ಈಗರೆ ನಿನ್ನ ಮನಿ ಮುಂದಿಂದ ಹಾದು ಹೋದೆನಲ್ಲಬೇ ಅಂದೆ. 'ಅದು ಹಳೇ ಕಬ್ಬಿಣದಾಂವನ ಗಾಡಿ' ಅಂದ್ಲು."

ಖಾದರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೂರೂ ಊರಿನ ಎಲ್ಲ ಗಾಡಿಗಳ ಮೇಲೂ ಅವನದೇ ದನಿ. ಆ ಮೈಕುಗಳಲ್ಲಿ ಮಾತು ಒಡೆದು ಹೋಗಿ, ಒಳಮನೆಯಲ್ಲಿ ರೊಟ್ಟಿ ಬಡಿಯುತ್ತಿರುವವರಿಗೆ ಉಳ್ಳಾಗಡ್ಡಿಯೂ ಕಬ್ಬಿಣವೂ ಚಾಪೆಯೂ ಒಂದೇ ಗೊಗ್ಗರು ಗದ್ದಲ. ಆ ಗದ್ದಲದ ನಡುವೆ "ಚಾ ಆರತೈತ್ರೀ" ಬಂದರೆ ಮಾತ್ರ, ಓಹೋ ಸವಡಿಯ ಒಣ ಉಳ್ಳಾಗಡ್ಡಿ ಬಂತು ಎಂದು ಬುಟ್ಟಿ ಹಿಡಿದು ಎದ್ದು ಬರುತ್ತಿದ್ದರು. ಇಷ್ಟು ವರ್ಷ ಗಿರಾಕಿಗಳನ್ನು ಕರೆದದ್ದು ಮುಬೀನಾ. ಯಂತ್ರ ದನಿಯನ್ನೂ ಗದ್ದಲವನ್ನೂ ಸರಿಯಾಗಿಯೇ ಬೇರೆ ಮಾಡಿತ್ತು. ಹೆಸರು ಹಚ್ಚುವಾಗ ಅದಲು ಬದಲಾಗಿತ್ತು, ಅಷ್ಟೇ.

"ಹಳೇದ ಹಾಕಿಕೊಡು ಅಣ್ಣಾ" ಎಂದ ಭೀಮೇಶ.

"ಹಳೇದು ಇಲ್ಲೋ. ಅಳಿಸೇನಿ."

ಪರದೆ ಸರಿಸಿ ಮುಬೀನಾ ಹೊರಗೆ ಬಂದಳು. ಬೆರಳಿಗೆ ಇನ್ನೂ ದಾರ ಸುತ್ತಿತ್ತು.

"ಅಳಿಸಿದ್ದು ಚಲೋ ಆತು ಬಿಡ್ರಿ. ನಾ ನರಗುಂದ ನೋಡಿದ್ದು ಒಂದ ಸಲ, ಆ ಮದುವಿಗೆ ಹೋದಾಗ. ರೋಣ ನೋಡಿದ್ದು ದವಾಖಾನಿಗೆ. ಆದ್ರ ನನ್ನ ಮಾತು ದಿನಾ ಹೋಗತಿತ್ತು. ಮಷಿನ್ ತುಳಕೊಂತ ಅನಕೊಳ್ತಿದ್ದೆ, ಇವತ್ತ ಮಂಗಳವಾರ, ಈಗ ನಾ ರೋಣದಾಗ ಅದೀನಿ. ಈಗ ಈ ಸುಶೀಲವ್ವನಂಥಾಕಿ ಒಬ್ಬಾಕಿ ನನ್ನ ಮಾತ ಕೇಳಿ ಬುಟ್ಟಿ ಹಿಡಕೊಂಡು ಬಂದಿರ್ತಾಳ. ಆಕಿ ಮುಖಾ ನಾ ನೋಡಿಲ್ಲ. ನಕ್ಕರ ನಗವಲ್ರ್ಯಾಕ? ನಗಸೂದು ಕೆಟ್ಟದ್ದೇನು? ನಿಮಗ ನಾಚಿಕಿ ಇತ್ರಿ, ನನಗ ಇರಲಿಲ್ಲ."

ಭೀಮೇಶ ತನ್ನ ಚಪ್ಪಲಿ ನೋಡುತ್ತ ನಿಂತ. ನಾಚಿಕೆ ಎಂಬ ಮಾತೂ ಪೂರ್ತಿ ಖರೆಯಲ್ಲ ಎಂಬುದು ಖಾದರನಿಗೆ ಆಗ ತಿಳಿಯಿತು. ಅವನಿಗೆ ಇದ್ದದ್ದು ಹೊಟ್ಟೆಕಿಚ್ಚು. ಗಂಟಲು ಹರಿದುಕೊಂಡು ಕೂಗಿದ ಸಾವಿರ ಮಾತು ಯಾರಿಗೂ ನೆನಪಿಲ್ಲ, ಒಲೆಯ ಮುಂದೆ ಕುಳಿತು ಅವಳು ಅಂದ ಮೂರು ಮಾತು ಮೂರೂರ ಹುಡುಗರ ಬಾಯಲ್ಲಿ. ಫ್ರಿಜ್ಜಿನ ದುಡ್ಡು ಕೊಟ್ಟು, ಹೆಂಡತಿಯ ಹೊಲಿಗೆಯ ದುಡ್ಡಿನಿಂದಲೇ, ಹೆಂಡತಿಯ ಬಾಯಿ ಮುಚ್ಚಿಸಲು ಹೊರಟಿದ್ದ ಅವನು. ಮೇಲೆ ಅದಕ್ಕೆ ನಿನ್ನ ಸಲುವಾಗಿ ಎಂದು ಹೆಸರು.

"ಭಾಬಿ, ಇನ್ನೊಮ್ಮಿ ಅಂದಬಿಡ್ರಿ ಒಂದ ಸಲ. ಉಳ್ಳಾಗಡ್ಡಿ ಮೊಳಕಿ ಒಡಿತಾವು" ಎಂದು ಭೀಮೇಶ ಬೇಡಿಕೊಂಡ.

ಅವನ ಮುಖ ನೋಡಿ ಮುಬೀನಾ ಮೈಕಿನ ಮುಂದೆ ಕುಳಿತಳು. ಸೆರಗು ಸರಿಮಾಡಿಕೊಂಡಳು. ಗಂಟಲು ಸರಿಮಾಡಿಕೊಂಡು, ಶಾಲೆಯಲ್ಲಿ ಪಾಠ ಓದಿದ ಹಾಗೆ, "ಕೇಳಿರಿ, ಚಹಾ ಆರುತ್ತಲಿದೆ" ಎಂದಳು. ಇನ್ನೊಮ್ಮೆ ಅಂದಾಗ ಸರಕಾರಿ ಪ್ರಕಟಣೆಯಾಯಿತು. ಮತ್ತೊಮ್ಮೆ ಅಂದಾಗ ಅವಳಿಗೇ ಅಳು ಬಂದಂತಾಗಿ ಎದ್ದು ಹೋದಳು. ಖಾದರ ಅದಕ್ಕೆ ನಲವತ್ತು ಮಸಾಲೆಗಳನ್ನೂ ಒಂದೊಂದಾಗಿ ಹಚ್ಚಿ ನೋಡಿದ. ಬೆಚ್ಚಗೆ ಮಾಡುವುದನ್ನು ಈ ಸಲ ಸ್ವಿಚ್ಚು ಹಾಕಿಯೇ ತಿರುಗಿಸಿದ. ಕಲ್ಲಿನ ಸಭಾಂಗಣದಲ್ಲಿ ಚಹಾ ಬಹಳ ಹೊತ್ತು ಆರಿತು. ಆದರೆ ಗಂಡನ ಮೇಲಿನ ಸಿಟ್ಟೂ ಕಾಳಜಿಯೂ ಒಟ್ಟಿಗೆ ಬೆರೆತ ಆ ಹಳೆಯ ಕೂಗು ಯಾವ ಗುಂಡಿಯಲ್ಲೂ ಇರಲಿಲ್ಲ.

ಇನ್ನು ಒಂದೇ ಉಪಾಯ. ಅವಳು ತಾನಾಗಿಯೇ ಚಾ ಕುಡಿಯಲು ಕರೆಯಬೇಕು, ಆಗ ಮೈಕು ತೆರೆದಿರಬೇಕು. ಖಾದರ ಚಾದ ಹೊತ್ತಿಗೆ ಮುದ್ರಣದ ಗುಂಡಿ ಒತ್ತಿ "ಸವಡಿ ಉಳ್ಳಾಗಡ್ಡೀ... ಒಣಗಿದ ಉಳ್ಳಾಗಡ್ಡೀ..." ಎಂದು ಕೂಗಿ, ವಿರಾಮ ಕೊಟ್ಟು ಕಾಯತೊಡಗಿದ. ಕರೆ ಬರಲಿಲ್ಲ. ಮುಬೀನಾ ಸದ್ದಿಲ್ಲದೆ ಪರದೆ ಸರಿಸಿ, ಚಾದ ಕಪ್ಪು-ಬಸಿಯನ್ನು ಸ್ಟೂಲಿನ ಮೇಲಿಟ್ಟು, ಸದ್ದಿಲ್ಲದೆ ಹೋದಳು. ಮರುದಿನವೂ ಹಾಗೆಯೇ. ಎಂದೂ ಇಲ್ಲದಷ್ಟು ಬಿಸಿಯಾದ ಚಾ, ಕರೆಯದೆಯೇ ಬರುತ್ತಿತ್ತು. ಆ ಮನೆಯಲ್ಲಿ ಅಂಥ ಮೌನವನ್ನು ಅವನು ಕಂಡಿರಲಿಲ್ಲ. ಪುಕ್ಕಟೆ ಸಿಕ್ಕ ಮೌನ ಬಿಸಿ ಚಾದೊಂದಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬಿರಿಯಾನಿಯ ಹಾಗಲ್ಲ, ಇದು ಖರೇನೇ ಇಳಿಯಲಿಲ್ಲ.

ಪುಕ್ಕಟೆಯ ಅವಧಿ ಮುಗಿಯುವ ದಿನ ಬಂತು. ಕೊನೆಯ ಅವಕಾಶ, ಇಂದೇ ಕೊಳ್ಳಿ ಎಂದು ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಕೆಂಪು ಪಟ್ಟಿ ಮಿಂಚುತ್ತಿತ್ತು. ಹೊರಗೆ ಭೀಮೇಶ ಬಂದು ಟಂಟಂನಲ್ಲಿ ಕುಳಿತಿದ್ದ. ಖಾದರ ಆ ದಿನ ಚಾ ಬಂದರೂ ಮುಟ್ಟಲಿಲ್ಲ. ಮುದ್ರಣದ ಗುಂಡಿ ಒತ್ತಿಟ್ಟು, ತನ್ನ ಪಾಲಿನ ಎರಡು ಮಾತು ಕೂಗಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗೋಡೆಯ ಗಾದಿಗಳನ್ನು ನೋಡುತ್ತ ಕುಳಿತ. ಅಪ್ಪ ಬಾಯಿ ತೆರೆಯದೆ ಹೆಂಗಸರನ್ನು ಹೊರಗೆ ಕರೆಯುತ್ತಿದ್ದರು. ಮಗನಿಗೆ ಸ್ವಂತ ಮನೆಯ ಒಬ್ಬಳನ್ನು ಕರೆಯಲಾಗುತ್ತಿಲ್ಲ. ಸ್ಟೂಲಿನ ಮೇಲಿನ ಚಾಕ್ಕೆ ಕೆನೆ ಕಟ್ಟಿತು. ಅಡುಗೆಮನೆಯಲ್ಲಿ ಪಾತ್ರೆಗಳು ಒಮ್ಮೆ ಬಡಿದವು, ಇನ್ನೊಮ್ಮೆ ಜೋರಾಗಿ ಬಡಿದವು. ಕೆನೆ ಕಟ್ಟಿದ ಚಾ ನೋಡಿಕೊಂಡು ಸುಮ್ಮನಿರುವುದು ಮುಬೀನಾಳ ಕೈಲಾಗದ ಕೆಲಸ.

"ರೀ! ಎಷ್ಟ ತಿಕ್ಕಿ ತೊಳದ್ರೂ ನಿಮ್ಮ ದನಿ ಅಷ್ಟ ಐತ್ರೀ! ಚಾ ಆರತೈತಿ, ಬರ್ರೀ!"

ಖಾದರ ಮೈಕಿಗೆ ಬಾಗಿ "ಜವಾರಿ ಬಳ್ಳೊಳ್ಳೀ!" ಎಂದು ಕೂಗಿ ಮುಗಿಸಿದ. ಆಮೇಲೆ ಒಳಗೆ ಹೋಗಿ, ಒಲೆಯ ಪಕ್ಕ ಕುಳಿತು, ಆರಿದ ಚಾವನ್ನು ಅವಳ ಮುಂದೆಯೇ ಕುಡಿದ.

"ತಪ್ಪಾತು" ಎಂದ.

"ಯಾವುದು?" ಎಂದಳು ಅವಳು, ಪೂರ್ತಿ ಬಿಡುವ ಮನಸ್ಸಿಲ್ಲದೆ.

"ನೀ ದಿನಾ ಊರಿಗಿ ಹೋಗತಿದ್ದಿ ಅಂತ ನನಗ ಗೊತ್ತ ಇರಲಿಲ್ಲ."

ಹೊರಗೆ ಬಂದು ಮುದ್ರಿಸಿದ್ದನ್ನು ಕೇಳಿದ. ಹೊಸ ಕೂಗು ಹಳೆಯದಕ್ಕಿಂತ ಉದ್ದವಾಗಿತ್ತು, ಅದರ ಮೊದಲರ್ಧದಲ್ಲಿ ಅವನ ಮಾನ ಇತ್ತು. ಅಷ್ಟನ್ನು ಕತ್ತರಿಸಿ ಚಾವನ್ನು ಮಾತ್ರ ಉಳಿಸಲು ನಲವತ್ತು ಮಸಾಲೆ ಬೇಕಿರಲಿಲ್ಲ. ಹಳೇ ಪುಕ್ಕಟೆ ಸಾಫ್ಟ್‌ವೇರಿನ ಕತ್ತರಿಯೇ ಸಾಕು. ಖಾದರ ಕತ್ತರಿ ಇಟ್ಟ. "ಎಷ್ಟ ತಿಕ್ಕಿ ತೊಳದ್ರೂ" ಎಂಬುದರ ಮೇಲೆ ಬಣ್ಣ ಬಂತು. ಒಂದು ಗುಂಡಿ ಒತ್ತಿದರೆ ಮುಗಿಯಿತು. ಅವನು ಆ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕುಳಿತ. ಹೊರಗೆ ಭೀಮೇಶ ಹಾರ್ನು ಹೊಡೆದ. ಖಾದರ ಬೆರಳು ತೆಗೆದು, ಇದ್ದದ್ದನ್ನು ಇದ್ದ ಹಾಗೆಯೇ ಪೆನ್‌ಡ್ರೈವಿಗೆ ತುಂಬಿ ಅವನ ಕೈಗಿಟ್ಟ. ಕೆಂಪು ಪಟ್ಟಿ ಸಂಜೆಯ ತನಕ ಮಿಂಚಿ ತಾನಾಗಿಯೇ ಆರಿಹೋಯಿತು.

ಆ ಬೇಸಿಗೆಗೆ ಫ್ರಿಜ್ಜು ಬಂತು. ಅದರ ಗುಂಯ್ ಎನ್ನುವ ಸದ್ದು ಈಗ ಖಾದರ ಮುದ್ರಿಸುವ ಎಲ್ಲ ಜಾಹೀರಾತುಗಳಲ್ಲೂ ಇದೆ. ಬಟ್ಟೆ ಅಂಗಡಿಯವರು ಅದನ್ನೇ ಎಫೆಕ್ಟ್ ಎಂದು ತಿಳಿದು ಸುಮ್ಮನಿದ್ದಾರೆ. ಸುಶೀಲವ್ವ ಭೀಮೇಶನ ಕೈಯಲ್ಲಿ, "ಆ ಹೆಣ್ಣಮಗಳಿಗಿ ಹೇಳು, ನಮ್ಮ ಮನಿಯವರದೂ ಎಷ್ಟ ತೊಳದ್ರೂ ಅಷ್ಟ ಐತಿ ಅಂತ" ಎಂದು ಹೇಳಿ ಕಳಿಸಿದ್ದಳು. ಮುಬೀನಾ ಅದನ್ನು ಕೇಳಿ ಮಷಿನ್ ನಿಲ್ಲಿಸಿ ನಕ್ಕಿದ್ದನ್ನು ಖಾದರ ಪರದೆಯ ಈಚೆಯಿಂದ ಕೇಳಿದ.

ಒಂದು ದಿನ ಅವನು ನರಗುಂದಕ್ಕೆ ಹೋಗಿ ಬಸ್‌ಸ್ಟ್ಯಾಂಡಿನ ಹತ್ತಿರ ನಿಂತಿದ್ದಾಗ ಭೀಮೇಶನ ಗಾಡಿ ಹಾದುಹೋಯಿತು. "ಸವಡಿ ಉಳ್ಳಾಗಡ್ಡೀ" ಎಂದಾಗ ಯಾರೂ ತಲೆಯೆತ್ತಲಿಲ್ಲ. "ರೀ! ಎಷ್ಟ ತಿಕ್ಕಿ ತೊಳದ್ರೂ" ಎಂದಕೂಡಲೇ ಎದುರಿನ ಓಣಿಯ ಬಾಗಿಲುಗಳು ಒಂದಾದ ಮೇಲೊಂದು ತೆರೆದವು. ಪಕ್ಕದಲ್ಲಿ ನಿಂತಿದ್ದ ಪರ ಊರಿನ ಮುದುಕರೊಬ್ಬರು ನಗುತ್ತ ಕೇಳಿದರು.

"ಭಾಳ ಚಲೋ ದನಿ ಐತ್ರಿ ಅದು. ಯಾರದದು?"

ಇಷ್ಟು ವರ್ಷ ಕನ್ನಡಿಯ ಮುಂದೆ ಕಾದಿದ್ದ ಪ್ರಶ್ನೆ ಕೊನೆಗೂ ಬಂದಿತ್ತು. ಖಾದರ ತಯಾರು ಮಾಡಿಟ್ಟಿದ್ದ ಹಾಗೆಯೇ ವಿನಯದಿಂದ ತಲೆ ಬಾಗಿಸಿದ.

"ನಮ್ಮ ಮನಿಯವರದ್ರಿ" ಎಂದ. ಸ್ವಲ್ಪ ತಡೆದು, ತಡೆಯಲಾರದೆ, "ಉಳ್ಳಾಗಡ್ಡಿ ಅಂತ ಅನ್ನೂದು ನಾನು" ಎಂದೂ ಸೇರಿಸಿದ.